ಗೋಡೆ ಕೊಟ್ಟ ಹೆಸರು

ಹಸಿ ಬಣ್ಣ ಮಾತು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮೊದಲು ಗೊತ್ತಾದದ್ದು ಡಾ. ಪ್ರಹ್ಲಾದ ಇನಾಮದಾರರಿಗೆ. ಗೋಡೆಗೆ ಬಳಿದ ಎಣ್ಣೆಬಣ್ಣ ಒಮ್ಮೆಲೇ ಒಣಗುವುದಿಲ್ಲ. ಮೇಲೆ ಹಾಲಿನ ಕೆನೆಯಂತೆ ತೆಳ್ಳನೆಯ ಪೊರೆ ಕಟ್ಟುತ್ತದೆ, ಆಮೇಲೆ ಒಳಒಳಗೆ ಗಟ್ಟಿಯಾಗುತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ದನಿಯ ಅಲೆ ಪೊರೆಯನ್ನು ನಡುಗಿಸುತ್ತದೆ, ನಡುಗಿದ ಗುರುತು ಹಾಗೆಯೇ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಕಾಣದ ಸುಕ್ಕುಗಳವು. ಮೇಲಿನ ಪೊರೆಯಲ್ಲಿ ಮೊದಲು ಆಡಿದ ಮಾತು, ಒಳಗೆ ಹೋದಂತೆ ಆಮೇಲಿನದು. ಅವುಗಳ ಮೇಲೆ ಲೇಸರ್ ಕಿರಣ ಹಾಯಿಸಿ ಏರಿಳಿತಗಳನ್ನು ಮತ್ತೆ ದನಿಯಾಗಿಸುವ ಯಂತ್ರವನ್ನು ಅವರು ಅರ್ಧ ಆಯುಷ್ಯ ತೇದು ಕಟ್ಟಿದರು. ಸರ್ಕಾರ ಅದಕ್ಕೆ ಭಿತ್ತಿವಾಣಿ ಎಂದು ಹೆಸರಿಟ್ಟಿತು. ಹಿರೇಗಡದ ಜನ ಗ್ವಾಡಿ ಮಷೀನು ಅಂದರು.

ಯಂತ್ರ ಬಂದು ಆರು ವರ್ಷವಾಗುವಷ್ಟರಲ್ಲಿ ಊರಿನ ನಡವಳಿಕೆಯೇ ಬದಲಾಗಿತ್ತು. ಮನೆಗೆ ಬಣ್ಣ ಹೊಡೆಸಿದವರು ವಾರಗಟ್ಟಲೆ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರು. ಅತ್ತೆ ಸೊಸೆಯರ ಜಗಳ ಹಿತ್ತಲಿಗೆ ಹೋಯಿತು. ಹೊಸ ಜೋಡಿಯ ಕೋಣೆಗೆ ಯಾರೂ ಬಣ್ಣ ಹೊಡೆಸುತ್ತಿರಲಿಲ್ಲ. ಕೆಲವರು ಬಣ್ಣ ಒಣಗುವವರೆಗೆ ರೇಡಿಯೋ ಜೋರಾಗಿ ಹಚ್ಚಿಟ್ಟು ಅದರಡಿಯಲ್ಲಿ ಪಿಸುಗುಟ್ಟುತ್ತಿದ್ದರು. ಸರ್ಕಾರದ ಪರ ವಾದಿಸುವ ಅಭಿಯೋಜಕಿ ಸುಲೋಚನಾ ಬೆಂತೂರ ಅವರ ಮನೆಯಲ್ಲೂ ಅಷ್ಟೇ. ಆ ಬೇಸಿಗೆಯಲ್ಲಿ ಪಡಸಾಲೆಗೆ ಬಣ್ಣ ಹೊಡೆಸಿದಾಗಿನಿಂದ ಗಂಡ ಶಿವಾನಂದ ಮನೆಯೊಳಗೆ ಸನ್ನೆ ಮಾಡುತ್ತಿದ್ದ, ಮಾತು ಬೇಕಾದರೆ ಮಾಳಿಗೆ ಹತ್ತುತ್ತಿದ್ದ. ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಮುದ್ರಣಾಲಯ ಅವನದು. ಅವನ ಮಾತಿನಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೂ ಹೆಂಡತಿ ನ್ಯಾಯಾಲಯದಲ್ಲಿ ಗೋಡೆಗಳನ್ನು ಮಾತಾಡಿಸುವವಳು, ಗೋಡೆಯ ಮಾತು ಏನು ಮಾಡಬಲ್ಲದೆಂದು ಅವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಲಲಿತಾ ಕೊಲೆಯ ಮೊಕದ್ದಮೆ ಸುಲೋಚನಾಳ ಕೈಗೆ ಬಂದಾಗ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಕಂಡಿರಲಿಲ್ಲ. ಲಲಿತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತಾರು ವರ್ಷ, ತಂದೆಯಿಲ್ಲ. ಮುಂದಿನ ತಿಂಗಳು ಮದುವೆಯೆಂದು ತಾಯಿ ನೀಲವ್ವ ಮನೆಗೆ ಬಣ್ಣ ಹೊಡೆಸುತ್ತಿದ್ದಳು. ಬಣ್ಣ ಹೊಡೆಯುತ್ತಿದ್ದವನು ಫಕೀರಪ್ಪ ಗುಡಗೇರಿ. ನೀಲವ್ವ ಮದುವೆಯ ಸೀರೆ ತರಲು ಪಕ್ಕದ ಊರಿಗೆ ಹೋದ ದಿನ ಫಕೀರಪ್ಪ ಮಲಗುವ ಕೋಣೆಗೆ ತಿಳಿಹಸಿರು ಬಣ್ಣ ಹೊಡೆದು ಮಧ್ಯಾಹ್ನ ಹೋದ. ಸಂಜೆ ತಾಯಿ ಬಂದು ನೋಡಿದರೆ ಮಗಳು ಆ ಕೋಣೆಯಲ್ಲಿ ಸತ್ತು ಬಿದ್ದಿದ್ದಳು. ಯಾರೋ ದಿಂಬು ಒತ್ತಿ ಉಸಿರು ಕಟ್ಟಿಸಿದ್ದರು. ಮರುದಿನ ಫಕೀರಪ್ಪ ಊರಲ್ಲಿರಲಿಲ್ಲ. ತನ್ನ ಹಳ್ಳಿಯಲ್ಲಿ ಸಿಕ್ಕ, ಮಣಿಕಟ್ಟಿನ ಮೇಲೆ ಗೀರು ಇತ್ತು. ಗೋಡೆ ಕೆರೆಯುವ ಪಟ್ಟಿ ತಾಗಿದ್ದು ಅಂದ. ಪೊಲೀಸರು ಹಸಿರು ಗೋಡೆಯ ಗಾರೆಯ ಗಿಲಾವನ್ನು ಹಲಗೆಯಂತೆ ಕೊರೆದು ತೆಗೆದು ಭಿತ್ತಿವಾಣಿ ಕೇಂದ್ರಕ್ಕೆ ಕಳಿಸಿದರು. ಗೋಡೆ ಮಾತಾಡಿತು.

ಆ ಮಾತನ್ನು ನ್ಯಾಯಾಲಯದಲ್ಲಿ ಕೇಳಿಸಿದ ದಿನ ಜನ ಬಾಗಿಲವರೆಗೆ ನಿಂತಿದ್ದರು. ಮೊದಲು ಗಾಳಿ ಬೀಸಿದಂಥ ಸದ್ದು. ಆಮೇಲೆ ಗಂಡಸಿನ ದನಿ, ಸ್ಪಷ್ಟವಾಗಿ: "ಸುಮ್ಮನಿರು. ಕೂಗಿದರೆ ಕೊಂದುಬಿಡುತ್ತೇನೆ." ಆಮೇಲೆ ಲಲಿತಾಳ ದನಿ: "ಬೇಡ, ಫಕೀರಪ್ಪ. ಬೇಡ."

ನೀಲವ್ವ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಅಳಲಿಲ್ಲ. ಮಗಳ ದನಿ ಬಂದ ಕಡೆಗೆ ತಲೆ ವಾಲಿಸಿದಳು, ಬಾಗಿಲಲ್ಲಿ ಯಾರೋ ಕರೆದರೇನೋ ಎಂಬಂತೆ. ಕಟಕಟೆಯಲ್ಲಿದ್ದ ಫಕೀರಪ್ಪ ಎರಡೂ ಕೈಯಿಂದ ಮರದ ಪಟ್ಟಿ ಹಿಡಿದುಕೊಂಡು ತಲೆ ಅಲ್ಲಾಡಿಸುತ್ತಲೇ ಇದ್ದ. ಅವನ ಪರವಾಗಿ ಸರ್ಕಾರ ನೇಮಿಸಿದ್ದ ವಕೀಲೆ ಶಬಾನಾ ಮುಲ್ಲಾ ಇನ್ನೂ ಚಿಕ್ಕವಳು. ಯಂತ್ರದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದಳು, ಇನಾಮದಾರರು ಉತ್ತರಿಸಿದರು, ಅವಳು ಕೂತಳು. ಅದಕ್ಕಿಂತ ಹೆಚ್ಚು ಏನು ಕೇಳಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. ಯಂತ್ರದ ಒಳಗನ್ನು ನೋಡಿದ್ದವರು ಕೇಂದ್ರದವರಷ್ಟೇ.

ಅಂತಿಮ ವಾದಕ್ಕೆ ಒಂದು ವಾರವಿತ್ತು. ಸುಲೋಚನಾ ಸಂಜೆ ಮಾಳಿಗೆಯ ಮೇಲೆ ಕೂತು ವಾದ ಓದಿಕೊಳ್ಳುತ್ತಿದ್ದಳು. ಶಿವಾನಂದ ಚುರುಮುರಿ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ. ಅವಳು ಗೋಡೆಯ ಮಾತು ಬಂದ ಕಡೆ ದನಿ ತಗ್ಗಿಸಿ ಓದಿದಳು. "ಸುಮ್ಮನಿರು. ಕೂಗಿದರೆ ಕೊಂದುಬಿಡುತ್ತೇನೆ."

"ಅಂವ ಮೈಸೂರು ಕಡ್ಯಾಂವ ಏನು?" ಶಿವಾನಂದ ಕೇಳಿದ.

"ಯಾರು?"

"ಆ ಬಣ್ಣದಾಂವ."

"ಇಲ್ಲ. ಇಲ್ಲೇ ಬಾಜೂ ಹಳ್ಳ್ಯಾಂವ."

"ಮತ್ತ ಹಿಂಗ್ಯಾಕ ಮಾತಾಡ್ತಾನ? ಕೊಲ್ಲಾಕ ಬಂದಾಂವ ಒದರಬ್ಯಾಡ ಅಂತಾನ. ಕೂಗಿದರೆ ಅಂತ ನಮ್ಮ ಕಡೆ ಯಾರರ ಅಂತಾರೇನು? ಕಾರ್ಡಿನ್ಯಾಗ ಅಚ್ಚು ಹಾಕಿದಂಗ ಐತಿ."

ಅವನು ಅದನ್ನು ಸುಮ್ಮನೆ ಅಂದಿದ್ದ, ಅಂದು ಶೇಂಗಾ ಆರಿಸಿಕೊಳ್ಳತೊಡಗಿದ. ಸುಲೋಚನಾ ಮುಂದೆ ಓದಲಿಲ್ಲ. ಫಕೀರಪ್ಪ ನ್ಯಾಯಾಧೀಶರೆದುರು ಆಡಿದ ಮಾತೆಲ್ಲ ಅವಳಿಗೆ ನೆನಪಿತ್ತು. 'ನನಗ ಗೊತ್ತಿಲ್ರಿ ಸಾಹೇಬ್ರ, ನಾ ಬಣ್ಣ ಹೊಡದು ಹೋಗೇನ್ರಿ.' ಆ ಬಾಯಿಂದ 'ಕೊಂದುಬಿಡುತ್ತೇನೆ' ಹೊರಡುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡಿದಳು. ಹೊರಡಲಿಲ್ಲ. ಇಷ್ಟು ದಿನ ಇದು ತನ್ನ ಕಿವಿಗೆ ಯಾಕೆ ಬೀಳಲಿಲ್ಲ ಎಂದು ಅವಳಿಗೆ ಅಂಜಿಕೆಯಾಯಿತು. ನ್ಯಾಯಾಲಯದಲ್ಲಿ ದಿನವೂ ಕೇಳುವ ಭಾಷೆ ಅದೇ, ಅದಕ್ಕೇ ಇರಬೇಕು.

ಮರುದಿನ ಬೆಳಿಗ್ಗೆ ಅವಳು ಕೇಂದ್ರಕ್ಕೆ ಹೋದಳು. ಊರ ಹೊರಗಿನ ಹಳೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಕಟ್ಟಡ. ಒಳಗೆ ಸದ್ದು ಹೊಗದಂತೆ ಗೋಡೆಗೆಲ್ಲ ದಪ್ಪ ಕಂಬಳಿ. ನಡುವೆ ಕಲ್ಲಿನ ಮೇಜಿನ ಮೇಲೆ ಲಲಿತಾಳ ಕೋಣೆಯ ಹಸಿರು ತುಂಡು ಮಲಗಿತ್ತು, ಅದರ ಮೇಲೆ ಯಂತ್ರದ ತೋಳು ಬಾಗಿತ್ತು. ಇನಾಮದಾರರು ಅರವತ್ತು ದಾಟಿದವರು, ಮೃದು ಮಾತಿನ ಮನುಷ್ಯ. ತಾನು ಮಾಡಿದ್ದರಿಂದ ಲೋಕಕ್ಕೆ ಒಳಿತಾಗಿದೆ ಎಂದು ನಂಬಿ ನೆಮ್ಮದಿಯಾಗಿ ಮಲಗುವವರು. ಅವಳ ಪ್ರಶ್ನೆ ಕೇಳಿ ನಕ್ಕರು.

"ಅದೇನು ದೊಡ್ಡ ಮಾತಲ್ಲ, ಮೇಡಂ. ಯಂತ್ರಕ್ಕ ನಾವು ಕನ್ನಡ ಕಲಿಸಿದ್ದು ಪುಸ್ತಕ, ವಾರ್ತೆ, ಭಾಷಣ ಕೇಳಿಸಿ. ಅದಕ್ಕ ಅದು ಶುದ್ಧ ಮಾಡಿ ಹೇಳ್ತದ. ಅರ್ಥ ಬದಲಾಗೂದಿಲ್ಲ."

"ಶುದ್ಧ ಮಾಡೋಕಿಂತ ಮೊದಲಿನದು ಕೇಳಬೇಕು ನಾನು."

"ಅದರಾಗ ಏನೂ ತಿಳಿಯೂದಿಲ್ಲ."

"ತಿಳೀದಿದ್ರೂ ಕೇಳಸ್ರಿ."

ಕೇಳಿಸಿದರು. ನೀರಿನೊಳಗೆ ಯಾರೋ ಮಾತಾಡಿದಂತೆ ಗುಳುಗುಳು ಸದ್ದು. ಗಂಡಸೋ ಹೆಂಗಸೋ ಹೇಳಲಾಗದು. ಒಂದು ಕಡೆ 'ಪ'ವೋ 'ಮ'ವೋ ಇರಬಹುದಾದ ತುಟಿಯ ಸದ್ದು, ಒಂದು ಕಡೆ ಉಸಿರು. ಅಷ್ಟೇ.

ಸುಲೋಚನಾ ಕುರ್ಚಿ ಎಳೆದುಕೊಂಡು ಕೂತಳು. "ಇದರಿಂದ ಆ ಮಾತು ಹೆಂಗ ಬಂತು?"

ಇನಾಮದಾರರು ತಾಳ್ಮೆಯಿಂದ ವಿವರಿಸಿದರು. ಸುಕ್ಕಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತು ಉಳಿದಿರುತ್ತದೆ. ಮಿಕ್ಕಿದ್ದನ್ನು ಯಂತ್ರ ತುಂಬಿಕೊಳ್ಳುತ್ತದೆ. ಅಳಿಸಿಹೋದ ಸಾಲನ್ನು ನಾವು ಊಹಿಸಿ ಓದುವುದಿಲ್ಲವೇ, ಹಾಗೆ. ಸರಿಯಾಗಿ ಊಹಿಸಲು ಅದಕ್ಕೆ ಸಂದರ್ಭ ಗೊತ್ತಿರಬೇಕು. ಸತ್ತವರು ಯಾರು, ಏನಾಯಿತು, ಕೋಣೆಯಲ್ಲಿ ಯಾರಿದ್ದರು. ಅದನ್ನು ಪೊಲೀಸರು ಬರೆದು ಕೊಡುತ್ತಾರೆ. ಸತ್ತವರ ಫೋನಿನಲ್ಲಿ ಸಿಕ್ಕ ದನಿಯನ್ನೂ ಕೊಡುತ್ತಾರೆ, ಯಂತ್ರ ಆ ದನಿಯಲ್ಲೇ ಹೇಳುತ್ತದೆ.

"ಕೋಣೆಯಲ್ಲಿ ಯಾರಿದ್ದರು ಅಂತ ನೀವೇ ಅದಕ್ಕ ಹೇಳ್ತೀರಿ?"

"ಹೇಳದಿದ್ರ ಅದಕ್ಕ ಹೆಂಗ ಗೊತ್ತಾಗಬೇಕು?"

ಅಂದವರೇ ಇನಾಮದಾರರು ಹಸಿರು ತುಂಡಿನ ಕಡೆ ತಿರುಗಿದರು. ತಾವು ಆಡಿದ ಮಾತು ತಮಗೇ ಬೇರೆಯಾಗಿ ಕೇಳಿಸಿರಬೇಕು.

"ಇನಾಮದಾರ ಸರ್, ಆ ಹೆಸರಿನ ಜಾಗಾದಾಗ ಇನ್ನೊಂದು ಹೆಸರು ಹಾಕ್ರಿ. ಆಕಿ ಲಗ್ನ ಆಗಬೇಕಾಗಿದ್ದ ಹುಡುಗನ ಹೆಸರು ಮಲ್ಲೇಶಿ. ಆ ದಿನ ಅಂವ ಬಂದಿದ್ದ ಅಂತ ಬರೀರಿ."

"ಅದು ಸುಳ್ಳಲ್ಲ, ಮೇಡಂ?"

"ಸುಳ್ಳೇ. ಹಾಕ್ರಿ."

ಅವರು ಹಿಂದೆಮುಂದೆ ನೋಡಿದರು, ಆಮೇಲೆ ಬೆರಳಾಡಿಸಿದರು. ಯಂತ್ರದ ತೋಳು ಅದೇ ಹಸಿರಿನ ಮೇಲೆ ಮತ್ತೆ ಹರಿಯಿತು. ಸ್ವಲ್ಪ ಹೊತ್ತಿಗೆ ಲಲಿತಾ ಮಾತಾಡಿದಳು. "ಬೇಡ, ಮಲ್ಲೇಶಿ. ಬೇಡ." ಪರದೆಯ ಮೇಲೆ ಯಂತ್ರ ತನ್ನ ನಂಬಿಕೆಯ ಅಂಕಿ ತೋರಿಸಿತು. ಮೊದಲಿನಷ್ಟೇ ಇತ್ತು.

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಂದು ಸಲ," ಅಂದಳು ಸುಲೋಚನಾ. "ಈ ಸಲ ನನ್ನ ಹೆಸರು ಹಾಕ್ರಿ."

"ಬ್ಯಾಡ್ರಿ ಮೇಡಂ."

"ಹಾಕ್ರಿ."

ಸತ್ತ ಹುಡುಗಿ ಅವಳ ಹೆಸರು ಹಿಡಿದು ಕರೆದಳು. "ಬೇಡ, ಸುಲೋಚನಾ. ಬೇಡ." ದನಿಯಲ್ಲಿ ಅದೇ ನಡುಕ, ಕೊನೆಯಲ್ಲಿ ಅದೇ ಮುರಿದ ಉಸಿರು. ಅದಕ್ಕೂ ಮೊದಲು ಹೆಂಗಸಿನ ದನಿಯೊಂದು ಹೇಳಿತ್ತು: "ಸುಮ್ಮನಿರು. ಕೂಗಿದರೆ ಕೊಂದುಬಿಡುತ್ತೇನೆ."

ಸುಲೋಚನಾ ಆ ಹುಡುಗಿಯನ್ನು ಜೀವಂತ ಕಂಡವಳೇ ಅಲ್ಲ. ಆದರೂ ಒಂದು ಗಳಿಗೆ ತನ್ನ ಅಂಗೈ ನೋಡಿಕೊಂಡಳು. ಅಷ್ಟು ನಂಬಿಗಸ್ತವಾಗಿತ್ತು ಆ ದನಿ.

"ಈ ಮೂರೂ ನನಗ ಬೇಕು," ಅಂದಳು. "ಕಚ್ಚಾ ಸದ್ದು ಸುದ್ದಾ. ಆರೋಪಿ ವಕೀಲರಿಗೂ ಒಂದೊಂದು ಪ್ರತಿ."

ಇನಾಮದಾರರ ಮುಖ ಒಮ್ಮೆಲೇ ಮುದಿಯಾಗಿ ಕಂಡಿತು. "ಆರು ವರ್ಷದಿಂದ ಎಷ್ಟ ಜನಕ್ಕ ಶಿಕ್ಷಾ ಆಗ್ಯದ ಗೊತ್ತದ ಏನು ಇದರ ಮ್ಯಾಲೆ? ನಾನು ಎಲ್ಲಾ ಸಾಕ್ಷಿ ಹೇಳೀನಿ. ಖರೇ ಅಂತ ನಂಬಿ ಹೇಳೀನಿ." ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು. "ಅವರೆಲ್ಲ ಅಪರಾಧಿಗಳೇ ಇರಬಹುದಲ್ಲ?"

"ಇರಬಹುದು. ಇಂವನೂ ಇರಬಹುದು. ನನಗ ಗೊತ್ತಿಲ್ಲ. ನಿಮ್ಮ ಯಂತ್ರಕ್ಕೂ ಗೊತ್ತಿಲ್ಲ."

ಕಚೇರಿಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ತನಿಖೆ ಮಾಡಿದ ಇನ್ಸ್‌ಪೆಕ್ಟರ್ ದೊಡ್ಡಮನಿ ಅವಳ ಕೋಣೆಯಲ್ಲಿ ಕಾಯುತ್ತಿದ್ದ. ಕೆಟ್ಟವನಲ್ಲ. ಲಲಿತಾಳ ಹೆಣ ಎತ್ತಿದ ದಿನ ಅತ್ತವನು. ಕುರ್ಚಿಯ ತುದಿಯಲ್ಲಿ ಕೂತು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ದನಿಯೇರಿಸದೆ ಮಾತಾಡಿದ.

"ಮೇಡಂ, ಆ ವಕೀಲಿ ಕೇಳಿಲ್ಲ. ಜಡ್ಜ್ ಸಾಹೇಬ್ರು ಕೇಳಿಲ್ಲ. ನೀವಾಗೇ ಯಾಕ ಹೇಳ್ತೀರಿ? ನೀವು ನಮ್ಮ ಕಡೆ ಅದೀರೋ ಅವನ ಕಡೆ ಅದೀರೋ?"

"ಯಾರ ಕಡೆನೂ ಇಲ್ಲ, ದೊಡ್ಡಮನಿ. ನಾ ಪೊಲೀಸರ ವಕೀಲಿ ಅಲ್ಲ. ಅವನ ವಿರುದ್ಧ ನನ್ನ ಕೈಯಾಗ ಇರೋದನ್ನ ಹೆಂಗ ಇಡಬೇಕೋ, ಅವನ ಪರ ಇರೋದನ್ನೂ ಹಂಗ ಇಡಬೇಕು. ಮುಚ್ಚಿಟ್ಟು ಗೆದ್ದರ ಅದಕ್ಕ ಏನಂತಾರ?"

"ಅಂವನ ಮಾಡ್ಯಾನ್ರಿ. ನನಗ ಖಾತ್ರಿ ಐತಿ."

"ಹಂಗಾದ್ರ ಬ್ಯಾರೆ ಪುರಾವೆ ಕೊಡ್ರಿ. ದಿಂಬಿನ ಮ್ಯಾಲಿನ ಗುರುತು? ಬಾಜೂ ಮನಿಯವರ ಹೇಳಿಕೆ? ಆಕಿ ಫೋನಿಗೆ ಯಾರು ಮಾತಾಡಿದ್ರು ಅನ್ನೋದು?"

ದೊಡ್ಡಮನಿ ಟೊಪ್ಪಿಗೆಯ ಅಂಚು ತಿರುವಿದ. "ಗ್ವಾಡಿ ಹೇಳಿದ ಮ್ಯಾಲೆ ಅದೆಲ್ಲ ಬೇಕಾಗಲಿಲ್ಲ."

ಮಧ್ಯಾಹ್ನ ರಾಜಧಾನಿಯಿಂದ ಮೇಲಧಿಕಾರಿಯ ಫೋನು ಬಂತು. ಮಾತು ನಯವಾಗಿತ್ತು. ಸುಲೋಚನಾ ದಣಿದಿರಬಹುದು, ಈ ಮೊಕದ್ದಮೆಯನ್ನು ಬೇರೆಯವರಿಗೆ ವಹಿಸಬಹುದು, ಸ್ವಲ್ಪ ರಜೆ ತೆಗೆದುಕೊಳ್ಳಬಹುದು. ಅವಳು ಎಲ್ಲ ಕೇಳಿಸಿಕೊಂಡು, ಮೂರೂ ಪ್ರತಿಗಳು ಆಗಲೇ ಶಬಾನಾ ಮುಲ್ಲಾ ಕೈಸೇರಿವೆ ಎಂದಳು. ಆ ಕಡೆಯಿಂದ ಫೋನು ಕಟ್ಟಾಯಿತು.

ಒಂದು ಕೆಲಸ ಉಳಿದಿತ್ತು, ಅದು ಎಲ್ಲಕ್ಕಿಂತ ಕಷ್ಟದ್ದು. ನ್ಯಾಯಾಲಯದಲ್ಲಿ ಎಲ್ಲರೆದುರು ಗೊತ್ತಾಗುವ ಮೊದಲು ನೀಲವ್ವನಿಗೆ ತಾನೇ ಹೇಳಬೇಕೆಂದು ಸುಲೋಚನಾ ಅವಳ ಮನೆಗೆ ಹೋದಳು. ಗೋಡೆ ಕೊರೆದ ಕೋಣೆಯ ಬಾಗಿಲು ಮುಚ್ಚಿತ್ತು. ನೀಲವ್ವ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು. ಎದುರಿನ ಮಾಡದಲ್ಲಿ ಮಗಳ ಫೋಟೋ, ಪಕ್ಕದಲ್ಲಿ ಒಂದು ಫೋನು. ಕೋರ್ಟಿನಲ್ಲಿ ಕೇಳಿಸಿದ್ದನ್ನು ಅಳಿಯನಾಗಬೇಕಿದ್ದ ಹುಡುಗ ಅದರಲ್ಲಿ ಹಾಕಿಸಿ ಕೊಟ್ಟಿದ್ದಾನೆ ಎಂದಳು. ದಿನಾ ಮುಂಜಾನೆ ಒಮ್ಮೆ ಕೇಳುತ್ತಾಳಂತೆ.

ಸುಲೋಚನಾ ಹೇಳಿದಳು. ಸುಲಭವಾದ ಮಾತಿನಲ್ಲಿ, ಏನನ್ನೂ ಬಿಡದೆ. ನೀಲವ್ವ ನೆಲ ನೋಡುತ್ತ ಕೇಳಿದಳು.

"ಹಂಗಾದ್ರ ಅದು ನನ್ನ ಮಗಳ ದನಿ ಅಲ್ಲೇನ್ರಿ?"

"ದನಿ ಆಕಿದೇ ಇದ್ದಂಗ ಮಾಡ್ಯಾರ. ಮಾತು ಆಕಿದಲ್ಲ."

ನೀಲವ್ವ ಮಾಡದಲ್ಲಿದ್ದ ಫೋನಿನ ಕಡೆ ನೋಡಿದಳು. ಹೊರಗೆ ತರಕಾರಿ ಮಾರುವವನು ಕೂಗುತ್ತ ಹೋದ.

"ನನಗ ಮೊದಲ ದಿನಾನ ಅನಿಸಿತ್ರಿ," ಅಂದಳು ಕೊನೆಗೆ. "ಆಕಿ ಬೇಡ ಅಂದಾಕಿ ಅಲ್ಲ. ಸಣ್ಣಾಕಿ ಇದ್ದಾಗಿಂದ ಬ್ಯಾಡ ಅಂತಿದ್ಲು. ಔಷಧ ಬ್ಯಾಡ, ಅನ್ನ ಬ್ಯಾಡ, ಲಗ್ನ ಬ್ಯಾಡ. ಕೋರ್ಟಿನ್ಯಾಗ ಹಂಗ ಅನ್ನಬೇಕಾಗತೈತೇನೋ, ಅದಕ್ಕ ತಿದ್ಯಾರೇನೋ ಅಂದ್ಕೊಂಡೆ. ಸಾಯೂ ಹೊತ್ತಿಗೆ ಆಕಿ ಏನಂದ್ಲು ಅನ್ನೋದಾದ್ರೂ ನನ್ನ ಹತ್ರ ಐತಿ ಅಂತ ಸಮಾಧಾನ ಇತ್ರಿ."

ಸುಲೋಚನಾ ಚಹಾದ ಲೋಟ ಕೆಳಗಿಟ್ಟಳು.

"ಫಕೀರಪ್ಪ ಬಿಡುಗಡಿ ಆಗಿ ಹೋಗ್ತಾನೇನ್ರಿ?"

"ಹೋಗಬಹುದು."

"ಮಾಡಿದಾಂವ ಅಂವನೇ ಇದ್ರ?"

"ಅದೂ ಆಗಬಹುದು, ಅವ್ವಾ. ನಾ ನಿಮಗ ಸುಳ್ಳು ಹೇಳಂಗಿಲ್ಲ."

ನೀಲವ್ವ ಎದ್ದಳು. ಚಹಾದ ಲೋಟ ಎತ್ತಿಕೊಂಡಳು, ಅದರಲ್ಲಿ ಇನ್ನೂ ಅರ್ಧ ಇತ್ತು. "ನೀವು ಖರೇ ಮಾಡಾಕತ್ತೀರಿ ಅಂತ ನನಗ ತಿಳೀತೈತ್ರಿ," ಅಂದಳು. "ಆದ್ರ ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ."

ವಿಚಾರಣೆಯ ದಿನ ಸುಲೋಚನಾ ಎದ್ದು ನಿಂತು, ತಾನು ಮಂಡಿಸಿದ ಸಾಕ್ಷ್ಯವನ್ನು ತಾನೇ ಪ್ರಶ್ನಿಸಬೇಕಾಗಿದೆ ಎಂದು ನ್ಯಾಯಾಧೀಶರಿಗೆ ತಿಳಿಸಿದಳು. ಮೊದಲು ಕಚ್ಚಾ ಸದ್ದು ಕೇಳಿಸಿದಳು. ಆಮೇಲೆ ಫಕೀರಪ್ಪನ ಹೆಸರು. ಆಮೇಲೆ ಮಲ್ಲೇಶಿಯ ಹೆಸರು. ಮೂರನೆಯದಾಗಿ ತನ್ನ ಹೆಸರಿನದನ್ನು ಹಚ್ಚಿದಳು. ಸತ್ತವಳು ಸರ್ಕಾರಿ ಅಭಿಯೋಜಕಿಯ ಹೆಸರು ಕರೆದು ಬೇಡಿಕೊಂಡದ್ದನ್ನು ಇಡೀ ನ್ಯಾಯಾಲಯ ಕೇಳಿತು. ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ಹೊರಗೆ ಹೋದರು. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಮಿತಭಾಷಿ. ಲೇಖನಿ ಕೆಳಗಿಟ್ಟರು.

"ಡಾಕ್ಟರ್ ಇನಾಮದಾರ್, ಈ ಮೂರರಲ್ಲಿ ಗೋಡೆಯ ಮೇಲೆ ನಿಜವಾಗಿ ಇರುವುದು ಯಾವುದು?"

ಇನಾಮದಾರರು ಕಟಕಟೆ ಹಿಡಿದು ನಿಂತಿದ್ದರು. "ಯಾವುದೂ ಅಲ್ಲ, ಸ್ವಾಮಿ," ಅಂದರು. "ನಾವು ಅದಕ್ಕ ಹೇಳಿದ್ದನ್ನ ಅದು ನಮಗ ತಿರುಗಿ ಹೇಳ್ತದ."

ಗೋಡೆಯ ಸಾಕ್ಷ್ಯವನ್ನು ತೆಗೆದುಹಾಕಿದ ಮೇಲೆ ಮೊಕದ್ದಮೆಯಲ್ಲಿ ಉಳಿದದ್ದು ಬಹಳ ಕಡಿಮೆ. ಸುಲೋಚನಾ ಅದನ್ನು ಕೈಬಿಡಲಿಲ್ಲ. ಆರೋಪಿ ಆ ಮನೆಯಲ್ಲಿದ್ದದ್ದು, ಮರುದಿನ ಊರು ಬಿಟ್ಟದ್ದು, ಮಣಿಕಟ್ಟಿನ ಗೀರು, ಎಲ್ಲವನ್ನೂ ಇದ್ದಷ್ಟೇ ಇಟ್ಟಳು. ಹಬ್ಬಕ್ಕೆ ಊರಿಗೆ ಹೋಗುವುದಾಗಿ ಅವನು ವಾರದ ಮೊದಲೇ ಹೇಳಿದ್ದನೆಂದು ನೀಲವ್ವ ಕೊಟ್ಟಿದ್ದ ಹೇಳಿಕೆಯನ್ನೂ ಓದಿದಳು. ಇಷ್ಟರಿಂದ ಒಬ್ಬ ಮನುಷ್ಯನನ್ನು ತಪ್ಪಿತಸ್ಥನೆಂದು ಹೇಳಲು ಸಾಕೆಂದು ತನಗೆ ಅನಿಸುವುದಿಲ್ಲ, ತೀರ್ಮಾನ ನ್ಯಾಯಾಲಯದ್ದು ಎಂದು ಕೂತಳು. ಎರಡು ದಿನ ಬಿಟ್ಟು ಫಕೀರಪ್ಪನನ್ನು ಬಿಡುಗಡೆ ಮಾಡಿದರು.

ಅವನು ಹೊರಗಿನ ಬೇವಿನ ಮರದ ಕೆಳಗೆ ಅವಳಿಗಾಗಿ ನಿಂತಿದ್ದ. ಜೈಲಿನಲ್ಲಿ ಒಂದೂವರೆ ವರ್ಷ ಕಳೆದಿದ್ದ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಕೈ ಮುಗಿದ. ಅವಳೂ ಮುಗಿದಳು. ಆ ಕೈಗಳನ್ನು ನೋಡದೆ ಇರಲು ಅವಳಿಗೆ ಆಗಲಿಲ್ಲ.

"ಅಕ್ಕಾರ, ಒಂದು ಮಾತು. ನಾ ಹೋಗಬೇಕಾದ್ರ ಆ ತಂಗಿ ಫೋನಿನ್ಯಾಗ ಮಾತಾಡಿಕೋತ ಅಳಾಕತ್ತಿತ್ರಿ. ಬಾಗಲಾ ಹಾಕ್ಕೊ ಅಂತ ಹೇಳಿದೆ. ಕೇಳಿಸಿಕೊಳ್ಳಲಿಲ್ಲ."

"ಇದನ್ನ ಪೊಲೀಸರಿಗೆ ಹೇಳಿದಿಯಾ?"

"ಯಾರು ಕೇಳಿದ್ರಿ? ಮೊದಲ ದಿನ ಬಡಿದ್ರು. ಎರಡನೇ ದಿನ ಗ್ವಾಡಿ ನನ್ನ ಹೆಸರು ಹೇಳೇತಿ ಅಂದ್ರು. ಆಮ್ಯಾಲೆ ಯಾರೂ ನನಗ ಏನೂ ಕೇಳಲಿಲ್ರಿ."

ಅವನು ಹೋದ. ಸುಲೋಚನಾ ಅಲ್ಲಿಂದಲೇ ದೊಡ್ಡಮನಿಗೆ ಫೋನು ಮಾಡಿದಳು. ದೊಡ್ಡಮನಿ ಮುನಿಸು ಇಟ್ಟುಕೊಳ್ಳದೆ ಆ ದಿನವೇ ಓಡಾಡಿದ. ಲಲಿತಾಳ ಫೋನಿನ ಕರೆಗಳ ವಿವರ ಕಂಪನಿಯಲ್ಲಿ ಉಳಿದಿರಲಿಲ್ಲ. ಅವಧಿ ಮುಗಿದು ಅಳಿಸಿ ಹೋಗಿತ್ತು. ಅವಳ ಫೋನಿನಿಂದ ಕೇಂದ್ರಕ್ಕೆಂದು ದನಿಯನ್ನಷ್ಟೇ ತೆಗೆದಿದ್ದರು, ಆಮೇಲೆ ಫೋನು ಠಾಣೆಯ ಮಾಲಖಾನೆಯ ತೇವದಲ್ಲಿ ಕೆಟ್ಟಿತ್ತು. ದಿಂಬನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ. ಬಾಜೂ ಮನೆಯ ಮುದುಕ ಯಾರೋ ಬಂದುಹೋದದ್ದನ್ನು ನೋಡಿದ್ದನೆಂದು ಸೊಸೆ ಹೇಳಿದಳು, ಅವನು ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಮಲ್ಲೇಶಿ ಕೇಳಿದ್ದಕ್ಕೆಲ್ಲ ಉತ್ತರಿಸಿದ, ಆ ದಿನ ತಾನು ಅಂಗಡಿಯಲ್ಲಿದ್ದೆ ಎಂದ. ಅದು ನಿಜವೋ ಅಲ್ಲವೋ ಈಗ ಹೇಳುವವರು ಯಾರೂ ಇರಲಿಲ್ಲ. ಲಲಿತಾಳನ್ನು ಯಾರು ಕೊಂದರು ಎಂಬುದು ಆಮೇಲೂ ಗೊತ್ತಾಗಲಿಲ್ಲ.

ಇನಾಮದಾರರು ಯಂತ್ರವನ್ನು ನಿಲ್ಲಿಸಿ, ಸಾಕ್ಷಿ ಹೇಳಿದ ಎಲ್ಲ ಮೊಕದ್ದಮೆಗಳ ಕಚ್ಚಾ ಸದ್ದನ್ನು ತಾವೇ ಬೇರ್ಪಡಿಸಿ ಕೊಟ್ಟು, ಕೆಲಸ ಬಿಟ್ಟರು. ಮೇಲಧಿಕಾರಿಗಳು ಸುಲೋಚನಾಳನ್ನು ಕೊಲೆ ಮೊಕದ್ದಮೆಗಳಿಂದ ತೆಗೆದರು. ಗೋಡೆಯ ಮಾತಿನ ಮೇಲೆ ಶಿಕ್ಷೆಯಾದವರನ್ನು ಒಬ್ಬೊಬ್ಬರಾಗಿ ಕಂಡು ಮರುಪರಿಶೀಲನೆ ಮಾಡಬೇಕೆಂದು, ಒಬ್ಬ ಗುಮಾಸ್ತನನ್ನೂ ಕೊಡದೆ, ಆದೇಶ ಮಾಡಿದರು. ದಂಡನೆಯೆಂದೇ ಕೊಟ್ಟ ಕೆಲಸ ಅದು. ಮನೆಯಲ್ಲಿ ಶಿವಾನಂದ ಬೇಸರ ಮಾಡಿಕೊಂಡ. "ಇನ್ನ ನೀ ಊರೂರು ಜೈಲು ತಿರಗಬೇಕು," ಅಂದ, ಪಡಸಾಲೆಯಲ್ಲೇ ನಿಂತು, ಗೋಡೆಯ ಕಡೆ ನೋಡದೆ. ಆಮೇಲೆ ಅವಳ ಚೀಲದಲ್ಲಿ ರೊಟ್ಟಿ ಕಟ್ಟಿಟ್ಟ.

ಮೊದಲ ಹೆಸರು ಯಮನೂರಪ್ಪನದು. ಕುಡಿದ ಅಮಲಿನಲ್ಲಿ ತಮ್ಮನನ್ನು ಕೊಡಲಿಯಿಂದ ಹೊಡೆದು ಕೊಂದನೆಂದು ಜೀವಾವಧಿ ಶಿಕ್ಷೆ. ತಮ್ಮನ ಹೊಸ ಮನೆಯ ಗೋಡೆ ಹಾಗೆ ಹೇಳಿತ್ತು. ಜೈಲಿನ ಭೇಟಿಯ ಕೋಣೆಯಲ್ಲಿ ಅವನು ಬಂದು ಎದುರು ಕೂತ. ಐವತ್ತರ ಹತ್ತಿರದ ಮನುಷ್ಯ, ಹಣೆಯ ಮೇಲೆ ವಿಭೂತಿ, ಶಾಂತ ಮುಖ. ಸುಲೋಚನಾ ಯಂತ್ರದ ವಿಷಯ ಹೇಳಿ ಮುಗಿಸಿದಳು.

"ಆ ದಿನದ್ದು ನನಗ ಏನೂ ನೆನಪಿಲ್ರಿ," ಅಂದ. "ಕುಡದಿದ್ದೆ. ಮನಿಗೆ ಹೆಂಗ ಬಂದೆ ಅದೂ ನೆನಪಿಲ್ಲ. ನಾ ಹೊಡದಿಲ್ಲ ಅಂತ ಮೊದಲಿಗೆ ಎದಿ ಬಡಕೊಂಡು ಅತ್ತೆ. ಕೋರ್ಟಿನ್ಯಾಗ ತಮ್ಮನ ದನಿ ಕೇಳಿಸಿದ್ರು. 'ಅಣ್ಣಾ, ಹೊಡೆಯಬೇಡ' ಅಂದ. ಆವತ್ತಿಂದ ನಾನೇ ಮಾಡೇನಿ ಅಂತ ಒಪ್ಪಿಕೊಂಡೇನ್ರಿ. ತಮ್ಮನ ಹೆಂಡತಿ ಕಾಲಿಗೆ ಬಿದ್ದೆ. ನನ್ನ ಮಕ್ಕಳು ನೋಡಾಕ ಬಂದಾಗ ನಾನೇ ಮಾಡೇನಿ, ಇನ್ನ ಬರಬ್ಯಾಡ್ರಿ ಅಂತ ಹೇಳಿ ಕಳಿಸಿದೆ. ನಾಕು ವರ್ಷ ಆತು, ಬಂದಿಲ್ಲ." ಅವನು ಮುಂದಕ್ಕೆ ಬಾಗಿದ. "ಈಗ ನಾ ಮಾಡಿಲ್ಲ ಅಂತ ಹೇಳಾಕ ಬಂದೀರೇನು ನೀವು?"

"ಇಲ್ಲ," ಅಂದಳು ಸುಲೋಚನಾ. "ನೀವು ಮಾಡೀರೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಾಕ ಬಂದೀನಿ."

ಯಮನೂರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬಾಗಿಲಲ್ಲಿದ್ದ ಕಾವಲಿನವನು ಒಳಗೆ ಇಣುಕಿದ. ಸುಲೋಚನಾ ಅವನಿಗೆ ಕೈ ಮಾಡಿ, ಹೊರಗೇ ಇರಲು ಹೇಳಿದಳು. ಕಾದಳು. ಕೊನೆಗೆ ಅವನು ಕೈ ಇಳಿಸಿ, ಕೆಂಪಾದ ಕಣ್ಣಿನಿಂದ ಅವಳನ್ನು ದಿಟ್ಟಿಸಿದ.

"ಮತ್ತ ಈಗ ಏನು ಮಾಡ್ಲಿ ನಾನು?"

ಅವಳು ಕುರ್ಚಿಯನ್ನು ಅವನ ಕಡೆಗೆ ಸರಿಸಿಕೊಂಡಳು.

"ಆ ದಿನ ಮುಂಜಾನೆ ಎದ್ದದ್ದರಿಂದ ಸುರು ಮಾಡಿ ಹೇಳ್ರಿ," ಅಂದಳು. "ನೆನಪಿದ್ದಷ್ಟು. ನೆನಪಿಲ್ಲದ ಕಡೆ ನೆನಪಿಲ್ಲ ಅನ್ರಿ. ನಾ ಏನೂ ತುಂಬಂಗಿಲ್ಲ."

ಯಮನೂರಪ್ಪ ಮುಖ ಒರೆಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ದಿನ ಎತ್ತಿಗೆ ನೀರು ಕುಡಿಸಲು ಹೋದದ್ದನ್ನು ಹೇಳತೊಡಗಿದ.